ಕೆಂಪು ಚೌಕದೊಳಗಿನ ಒಂದು ವಾಕ್ಯ

ಫಾರ್ಮ್ ತುಂಬಿ ಕಳುಹಿಸಿದವರಿಗೆ ತಪ್ಪೆಲ್ಲಿದೆ ಎಂದು ತಿಳಿಸುವ ಕೆಲಸವನ್ನು ಒಂದೇ ಸಾಲಿನ ಕೋಡ್‌ಗೆ ಇಳಿಸಿದ ಫ್ರೇಮ್‌ವರ್ಕ್‌ಗಳಲ್ಲಿ, ಅಂದರೆ ಜಾಲತಾಣ ಕಟ್ಟಲು ನೆರವಾಗುವ ಸಿದ್ಧ ಕೋಡ್‌ನ ಸಂಗ್ರಹಗಳಲ್ಲಿ, ರೂಬಿ ಆನ್ ರೈಲ್ಸ್ ಮುಖ್ಯವಾದದ್ದು. ಬೇಸ್‌ಕ್ಯಾಂಪ್ ಎಂಬ ತಂತ್ರಾಂಶಕ್ಕಾಗಿ ಬರೆದ ಕೋಡ್‌ನಿಂದ ಇದನ್ನು ಬೇರ್ಪಡಿಸಿ ಡೇವಿಡ್ ಹೈನಮೈಯರ್ ಹ್ಯಾನ್ಸನ್ 2004ರಲ್ಲಿ ಹೊರತಂದರು. ಯಾವ ಖಾನೆ ಖಾಲಿ ಇರಬಾರದು, ಯಾವುದು ಎಷ್ಟು ಉದ್ದವಿರಬೇಕು ಎಂಬ ನಿಯಮಗಳು ಇದರಲ್ಲಿ ‘ಮಾಡೆಲ್’ ಎಂಬ ಭಾಗದಲ್ಲಿರುತ್ತವೆ. ನಿಯಮ ಮುರಿದಾಗ ಹುಟ್ಟುವ ಸಂದೇಶಗಳು ‘ಎರರ್ಸ್’ ಎಂಬ ಪಟ್ಟಿಗೆ ಸೇರುತ್ತವೆ.

ಆ ಪಟ್ಟಿಯನ್ನು ಪುಟಕ್ಕೆ ತರುತ್ತಿದ್ದದ್ದು ‘ಎರರ್_ಮೆಸೇಜಸ್_ಫಾರ್’ ಎಂಬ ಹೆಲ್ಪರ್, ಅಂದರೆ ಪುಟ ಬರೆಯಲು ನೆರವಾಗುವ ಸಿದ್ಧ ಆಜ್ಞೆ. ಅದನ್ನು ಕರೆದರೆ ಸಾಕು, ಇಷ್ಟು ದೋಷಗಳು ಈ ದಾಖಲೆಯನ್ನು ಉಳಿಸದಂತೆ ತಡೆದಿವೆ ಎಂಬರ್ಥದ ಇಂಗ್ಲಿಷ್ ಶೀರ್ಷಿಕೆಯೂ ಅದರ ಕೆಳಗೆ ಒಂದೊಂದೇ ದೋಷದ ವಿವರವೂ ಮೂಡುತ್ತಿದ್ದವು. ರೈಲ್ಸ್ ತಾನೇ ಬರೆದುಕೊಡುತ್ತಿದ್ದ ‘ಸ್ಕ್ಯಾಫೋಲ್ಡ್’ ಎಂಬ ಮಾದರಿ ಪುಟಗಳಲ್ಲಿ ಅವುಗಳ ಸುತ್ತ ಕೆಂಪು ಅಂಚಿನ ಚೌಕವಿರುತ್ತಿತ್ತು. ಹೊಸದಾಗಿ ಕಲಿಯುವವನ ಮೊದಲ ಫಾರ್ಮ್ ಕೂಡ ಬಳಕೆದಾರನನ್ನು ಕತ್ತಲಲ್ಲಿ ಬಿಡುತ್ತಿರಲಿಲ್ಲ ಎಂಬುದು ಸಣ್ಣ ಸಾಧನೆಯಲ್ಲ.

ಇದರ ಜೊತೆಗೇ ಬಂದ ಇನ್ನೊಂದು ಏರ್ಪಾಡು ಮಾತ್ರ ತಕರಾರಿಗೆ ಎಡೆಮಾಡಿತು. ತಪ್ಪಿರುವ ಪ್ರತಿಯೊಂದು ಖಾನೆಯನ್ನೂ ರೈಲ್ಸ್ ತಾನಾಗಿಯೇ ‘ಡಿವ್’ ಎಂಬ ಎಚ್‌ಟಿಎಂಎಲ್ ಟ್ಯಾಗ್‌ನೊಳಗೆ ಸುತ್ತುತ್ತಿತ್ತು. ಪ್ಯಾರಾಗ್ರಾಫಿನ ‘ಪಿ’ ಟ್ಯಾಗ್‌ನೊಳಗೆ ‘ಡಿವ್’ ಇರುವಂತಿಲ್ಲವಾದ್ದರಿಂದ, ಖಾನೆಯನ್ನು ‘ಪಿ’ಯೊಳಗೆ ಇರಿಸಿದ್ದ ಪುಟದಲ್ಲಿ ಬ್ರೌಸರ್ ಆ ಪ್ಯಾರಾವನ್ನು ನಡುವೆಯೇ ಮುಗಿಸಿಬಿಡುತ್ತಿತ್ತು, ಹೀಗೆ ತಪ್ಪಿಲ್ಲದಾಗ ನೆಟ್ಟಗಿದ್ದ ವಿನ್ಯಾಸ ತಪ್ಪಾದೊಡನೆ ಚೆದುರುತ್ತಿತ್ತು. ‘ಫೀಲ್ಡ್_ಎರರ್_ಪ್ರಾಕ್’ ಎಂಬ ಸೆಟ್ಟಿಂಗ್ ಬದಲಿಸಿ ಇದನ್ನು ತಪ್ಪಿಸಬಹುದಿತ್ತು, ಈಗಲೂ ತಪ್ಪಿಸಬಹುದು.

ಆದರೆ 2010ರಲ್ಲಿ ಬಂದ ರೈಲ್ಸ್ 3 ತೆಗೆದುಹಾಕಿದ್ದು ಈ ಸುತ್ತುವಿಕೆಯನ್ನಲ್ಲ, ಆ ಒಂದು ಸಾಲಿನ ಹೆಲ್ಪರನ್ನು. ಅದನ್ನು ಪ್ರತ್ಯೇಕ ಪ್ಲಗಿನ್‌ಗೆ ಸಾಗಿಸಿದ ಮೇಲೆ, ದೋಷಗಳ ಪಟ್ಟಿಯನ್ನು ಪ್ರತಿ ಪುಟದಲ್ಲೂ ಬರೆದುಕೊಳ್ಳುವ ಹೊಣೆ ಪ್ರೋಗ್ರಾಮರನ ಪಾಲಿಗೆ ಬಂತು. ವಿನ್ಯಾಸದ ಸ್ವಾತಂತ್ರ್ಯ ಹೆಚ್ಚಿತೆಂಬುದು ನಿಜ; ಬರೆಯಲು ಮರೆತವನ ಫಾರ್ಮ್ ಏನನ್ನೂ ಹೇಳದೆ ಮತ್ತೆ ಅದೇ ಪುಟವನ್ನು ತೋರಿಸತೊಡಗಿತೆಂಬುದೂ ಅಷ್ಟೇ ನಿಜ, ಮತ್ತು ಈ ನಷ್ಟ ಅನಗತ್ಯವಾಗಿತ್ತು. ಹಳೆಯ ಶೀರ್ಷಿಕೆಯ ನಕಲು ಸ್ಕ್ಯಾಫೋಲ್ಡ್ ಪುಟಗಳಲ್ಲಿ ಉಳಿದುಕೊಂಡಿತು.

2021ರ ರೈಲ್ಸ್ 7ರಲ್ಲಿ ಪುಟವನ್ನು ಪೂರ್ತಿಯಾಗಿ ಮರುಲೋಡ್ ಮಾಡದೆ ಬದಲಿಸುವ ‘ಟರ್ಬೊ’ ಪೂರ್ವನಿಯೋಜಿತವಾದಾಗ ಮತ್ತೊಂದು ಷರತ್ತು ಸೇರಿತು. ತಪ್ಪಿರುವ ಫಾರ್ಮನ್ನು ಹಿಂದಿರುಗಿಸುವಾಗ ಸರ್ವರ್ 422ರಂಥ ದೋಷಸೂಚಕ ಸ್ಥಿತಿಸಂಖ್ಯೆಯನ್ನು ಕಳುಹಿಸಬೇಕು. ಎಲ್ಲವೂ ಸರಿಯಿದೆಯೆಂದು ಸೂಚಿಸುವ 200 ಹೋದರೆ, ಸಂದೇಶಗಳನ್ನು ಪುಟದಲ್ಲಿ ಬರೆದಿದ್ದರೂ ಟರ್ಬೊ ಅವನ್ನು ಪರದೆಗೆ ತರುವುದಿಲ್ಲ.