ಅನ್ನಪ್ರಾಶನವೂ ಕೂಸಿನ ಜಠರವೂ

ಅನ್ನಪ್ರಾಶನದ ಮುಹೂರ್ತವನ್ನು ನಾವು ಬಲು ಎಚ್ಚರಿಕೆಯಿಂದ ಗೊತ್ತುಮಾಡುತ್ತೇವೆ. ಬೆಳ್ಳಿಯ ಬಟ್ಟಲು, ಪಾಯಸ, ನೆಂಟರಿಷ್ಟರು, ಎಲ್ಲವೂ ಸಿದ್ಧವಾಗಿರುತ್ತವೆ. ಆದರೆ ಆ ಮೊದಲ ತುತ್ತು ಒಳಗೆ ಹೋದಮೇಲೆ ಏನಾಗುವುದೆಂಬುದನ್ನು ಮಾತ್ರ ನಾವು ಯೋಚಿಸುವುದಿಲ್ಲ. ಮೂರನೆಯ ದಿನ ಕೂಸಿನ ಬಟ್ಟೆಯನ್ನು ನೋಡಿ ಗಾಬರಿಯಾಗುತ್ತೇವೆ.

ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಆರು ತಿಂಗಳು ತುಂಬಿದ ಕೂಸಿಗೆ ಬೇಯಿಸಿದ ಗಜ್ಜರಿಯನ್ನು ಮಸೆದು ಕೊಟ್ಟೆವು. ಮರುದಿನ ಅದರ ಚೂರುಗಳು ಹಾಗೆಯೇ ಹೊರಬಿದ್ದುವು. ಜೀರ್ಣವಾಗಲಿಲ್ಲವೆಂದು ತೀರ್ಮಾನಿಸಿ, ಎರಡು ವಾರ ಹಾಲಲ್ಲದೆ ಬೇರೇನನ್ನೂ ಕೊಡದೆ ಇದ್ದುಬಿಟ್ಟೆವು. ಕೂಸಿಗೆ ಯಾವ ರೋಗವೂ ಇರಲಿಲ್ಲ. ತಿಳಿವಳಿಕೆ ಸಾಲದೆ ಇದ್ದುದು ನಮಗೆ.

ಹುಟ್ಟಿದಾಗ ಕೂಸಿನ ಕರುಳು ಹಾಲಿಗಾಗಿ ಅಣಿಯಾಗಿರುತ್ತದೆ. ಪಿಷ್ಟವನ್ನು ಕರಗಿಸುವ ಅಮೈಲೇಸ್ ಎಂಬ ರಸವು ಮೇದೋಜೀರಕ ಗ್ರಂಥಿಯಲ್ಲಿ ಮೊದಲ ತಿಂಗಳುಗಳಲ್ಲಿ ಅತ್ಯಲ್ಪವಾಗಿದ್ದು, ಕ್ರಮೇಣ ಹೆಚ್ಚುತ್ತದೆ. ಅಲ್ಲಿಯವರೆಗೆ ಬಾಯಿಯ ಜೊಲ್ಲೂ ತಾಯಿಯ ಹಾಲೂ ಆ ಕೊರತೆಯನ್ನು ಸ್ವಲ್ಪ ತುಂಬುತ್ತವೆ. ಎದೆಹಾಲು ಕುಡಿಯುವ ಕೂಸಿನ ಕರುಳಿನಲ್ಲಿ ಸಾಮಾನ್ಯವಾಗಿ ಬಿಫಿಡೊ ಎಂಬ ಒಂದು ಪಂಗಡದ ಅಣುಜೀವಿಗಳದೇ ಪ್ರಾಬಲ್ಯ. ಅನ್ನ, ಬೇಳೆ, ಕಾಯಿಪಲ್ಯಗಳು ಬಂದೊಡನೆ ಅವುಗಳ ನಾರನ್ನು ಒಡೆಯಬಲ್ಲ ಹೊಸ ಪಂಗಡಗಳು ಬಂದು ನೆಲಸುತ್ತವೆ. ಈ ಹೊಸ ಸಂಸಾರವು ದೊಡ್ಡವರದನ್ನು ಹೋಲಬೇಕಾದರೆ ಸುಮಾರು ಮೂರು ವರ್ಷಗಳು ಬೇಕು.

ಹೀಗಿರುವುದರಿಂದ ಮಲದ ಬಣ್ಣ, ವಾಸನೆ, ಗಟ್ಟಿತನಗಳು ಬದಲಾಗುವುದು ಸಹಜ. ಹಳದಿ ಹೋಗಿ ಕಂದು ಬರುತ್ತದೆ, ವಾಸನೆ ಬಲವಾಗುತ್ತದೆ, ವಾಯು ಹೆಚ್ಚುತ್ತದೆ. ಬಟಾಣಿಯ ಸಿಪ್ಪೆ ಹಾಗೆಯೇ ಕಾಣಿಸಬಹುದು. ಬೀಟ್‌ರೂಟು ಕೊಟ್ಟ ಮರುದಿನ ಕೆಂಪು ಕಾಣಬಹುದು. ಮಲ ಗಟ್ಟಿಯಾದರೆ ಕುದಿಸಿ ಆರಿಸಿದ ನೀರನ್ನು ಗುಟುಕು ಗುಟುಕಾಗಿ ಕೊಟ್ಟು, ಬೆಂದ ತರಕಾರಿಯನ್ನೂ ಮಾಗಿದ ಪರಂಗಿಯ ಹಣ್ಣನ್ನೂ ಸೇರಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಔಡಲೆಣ್ಣೆ ಕುಡಿಸಿ ಭೇದಿ ಮಾಡಿಸುವುದು ಸರ್ವಥಾ ಬೇಡ.

ಆಹಾರವನ್ನು ನಿಲ್ಲಿಸಿದರೆ ನಷ್ಟವೇನು? ಹುಟ್ಟುವಾಗ ಕೂಸು ತಂದ ಕಬ್ಬಿಣದ ಸಂಗ್ರಹವು ಆರನೆಯ ತಿಂಗಳ ಹೊತ್ತಿಗೆ ತೀರುತ್ತ ಬರುತ್ತದೆ. ಹಾಲಿನಲ್ಲಿ ಅದು ಸಾಲದು. ಆರರಿಂದ ಎಂಟು ತಿಂಗಳ ಕೂಸಿಗೆ ಎದೆಹಾಲಲ್ಲದೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಆದರೆ ಅದರ ಹೊಟ್ಟೆಯಲ್ಲಿ ಹಿಡಿಸುವುದು ಒಂದು ಬಟ್ಟಲಿನಷ್ಟು ಮಾತ್ರ. ತಿಳಿಗಂಜಿಯಿಂದ ಅದನ್ನು ತುಂಬಿದರೆ ನೀರೇ ತುಂಬಿದಂತೆ. ಇಲ್ಲಿ ನಮ್ಮ ಸೀಮೆಯ ರಾಗಿಯ ಸರಿಯು ಮೆಚ್ಚತಕ್ಕ ಉಪಾಯ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸುವರಷ್ಟೆ? ಮೊಳಕೆಯಲ್ಲಿ ಅದೇ ಅಮೈಲೇಸ್ ಹುಟ್ಟಿ ಪಿಷ್ಟವನ್ನು ಮುರಿಯುತ್ತದೆ. ಆದುದರಿಂದ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಸಿದರೂ ಸರಿ ಅಂಟಾಗದೆ ಗಂಟಲಿಗೆ ಸಲೀಸಾಗಿ ಇಳಿಯುತ್ತದೆ. ಹುರಿಯುವಾಗ ಕಪ್ಪಾಗಿಸಿದರೆ ಆ ಗುಣ ನಾಶವಾಗುತ್ತದೆ.

ಆದರೆ ಎಲ್ಲ ಬದಲಾವಣೆಯೂ ಸಹಜವಲ್ಲ. ಮಲದಲ್ಲಿ ರಕ್ತ, ಸುಣ್ಣದಂತೆ ಬಿಳುಪಾದ ಮಲ, ಹಸುರು ವಾಂತಿ, ಗುಳಿಬಿದ್ದ ಕಣ್ಣು, ಗಂಟೆಗಟ್ಟಲೆ ಮೂತ್ರವಿಲ್ಲದಿರುವುದು, ಇವನ್ನು ಕಂಡೊಡನೆ ವೈದ್ಯರ ಬಳಿಗೆ ಹೋಗಬೇಕು. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನಾಲಗೆಗೆ ಸವರುವುದೂ ಕೂಡದು. ಬೊಟ್ಯುಲಿಸಂ ಎಂಬ ವಿಷರೋಗದ ಬೀಜಾಣುಗಳು ಅದರಲ್ಲಿರಬಹುದು.

ಭೇದಿಯಾದಾಗ ಹೊಟ್ಟೆಯನ್ನು ಕಾಯಿಸುವ ಹಳೆಯ ಪದ್ಧತಿಯನ್ನು ನಾವು ಬಿಡಬೇಕು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು ಸಕ್ಕರೆಗಳ ದ್ರಾವಣವನ್ನು ಕುಡಿಸಿ ಕಾಲರಾ ರೋಗಿಗಳನ್ನು ಉಳಿಸಿದರು; ಅಲ್ಲಿ ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ನಾಲ್ಕಕ್ಕಿಂತಲೂ ಕೆಳಗಿಳಿಯಿತು. ಇಂದು ಆ ಲವಣದ ಪೊಟ್ಟಣವು ಓ.ಆರ್.ಎಸ್. ಎಂಬ ಹೆಸರಿನಿಂದ ಔಷಧದ ಅಂಗಡಿಗಳಲ್ಲಿ ದೊರೆಯುತ್ತದೆ. ಅದನ್ನು ಕುಡಿಸುತ್ತ, ಎದೆಹಾಲನ್ನೂ ಮೆತ್ತನೆಯ ಅನ್ನವನ್ನೂ ಮುಂದುವರಿಸಬೇಕು. ಹಸಿದ ಕರುಳು ಬೇಗ ಚೇತರಿಸಿಕೊಳ್ಳಲಾರದು.

ಮಕ್ಕಳು ನಡೆಯಲು ಕಲಿಯುವಾಗ ಎಡವುತ್ತಾರೆ. ಅದಕ್ಕಾಗಿ ನಾವು ನಡಿಗೆಯನ್ನು ನಿಲ್ಲಿಸುವುದಿಲ್ಲ. ಕರುಳೂ ಕಲಿಯುತ್ತಿರುವ ಅವಯವವೇ. ಅದಕ್ಕೆ ದಿನವೂ ಸ್ವಲ್ಪಸ್ವಲ್ಪವಾಗಿ, ಶುಚಿಯಾದ ಕೈಯಿಂದ, ಪಾಠವನ್ನು ಕೊಡುತ್ತಲೇ ಇರೋಣ.