ಗಣಕ ಭಂಡಾರದಲ್ಲಿ ಸಂಕೋಚನ ಮತ್ತು ನಕಲು ನಿವಾರಣೆ

ಹಸ್ತಪ್ರತಿಗಳ ಗಣಕ ಭಂಡಾರದಲ್ಲಿ ಸ್ಥಳ ಉಳಿಸಲು ದತ್ತಾಂಶ ಸಂಕೋಚನ, ನಕಲು ನಿವಾರಣೆ ಎಂಬ ಎರಡು ವಿಧಾನಗಳಿವೆ. ವೇಗದ ಮೇಲೆ ಇವುಗಳ ಪರಿಣಾಮ ಮಾತ್ರ ಒಂದೇ ಅಲ್ಲ.

ಯುಟಿಎಫ್-8ರಲ್ಲಿ ಪ್ರತಿಯೊಂದು ಕನ್ನಡ ಚಿಹ್ನೆಗೆ 3 ಬೈಟ್ ಬೇಕು. ಒತ್ತಕ್ಷರದ ಹಲಂತವನ್ನೂ ಎಣಿಸಿದರೆ ‘ಕನ್ನಡ’ ಎಂಬ ಪದಕ್ಕೆ 15 ಬೈಟ್. ಆದರೆ ಮೂರರಲ್ಲಿ ಮೊದಲ ಬೈಟ್ ಸದಾ ಒಂದೇ. ಎರಡನೆಯದಕ್ಕೆ ಎರಡೇ ರೂಪ. ಈ ಪುನರಾವೃತ್ತಿಯೇ ಸಂಕೋಚನಕ್ಕೆ ಆಸರೆ. ಎಲ್‌ಝಡ್4ನಂಥ ಹಗುರ ಕ್ರಮದಿಂದ ಡಿಸ್ಕಿನಿಂದ ಓದಬೇಕಾದ ಪ್ರಮಾಣ ಕುಗ್ಗಿ, ಪಠ್ಯದ ಓದು ಹಲವೊಮ್ಮೆ ಚುರುಕಾಗುತ್ತದೆ. ಜೆಪೆಗ್ ಚಿತ್ರಗಳು ಮೊದಲೇ ಸಂಕುಚಿತವಾದ್ದರಿಂದ ಅಲ್ಲಿ ಲಾಭ ಅತ್ಯಲ್ಪ.

ನಕಲು ನಿವಾರಣೆಗೆ ಝಡ್‌ಎಫ್‌ಎಸ್ ಕಡತವ್ಯವಸ್ಥೆಯು ಪ್ರತಿ ಖಂಡವನ್ನು ಬರೆಯುವಾಗ ಅದರ ಗುರುತನ್ನು ಕೋಷ್ಟಕದಲ್ಲಿ ಹುಡುಕುತ್ತದೆ. ನಮೂದೊಂದಕ್ಕೆ ರೂಢಿಯ ಅಂದಾಜಿನಂತೆ 320 ಬೈಟ್ ಹಿಡಿದರೆ, 128 ಕಿಲೋಬೈಟ್ ಖಂಡಗಳ 1 ಟೆರಾಬೈಟ್ ಸಂಗ್ರಹಕ್ಕೆ ಸುಮಾರು 2.5 ಗಿಗಾಬೈಟ್ ಮೆಮೊರಿ ಬೇಕು. ಕೋಷ್ಟಕ ಮೆಮೊರಿಯನ್ನು ಮೀರಿದರೆ ಹುಡುಕಾಟ ಡಿಸ್ಕಿಗಿಳಿದು ಬರೆಯುವ ವೇಗ ಕುಸಿಯುತ್ತದೆ. ಒಂದೇ ಓಲೆಯನ್ನು ಎರಡು ಬಾರಿ ಸ್ಕ್ಯಾನ್ ಮಾಡಿದರೂ ಬೈಟುಗಳು ತಾಳೆಯಾಗವು; ಕಡತದ ಯಥಾವತ್ ನಕಲುಗಳಿದ್ದಲ್ಲಿ ಮಾತ್ರ ಫಲವುಂಟು.

ಆದ್ದರಿಂದ ಇಂಥ ಭಂಡಾರಕ್ಕೆ ಹಗುರ ಸಂಕೋಚನ ಸಾಕು. ನಕಲು ನಿವಾರಣೆಯಲ್ಲಿ ಹಲವು ಕಡತಗಳು ಒಂದೇ ಖಂಡವನ್ನು ಆಶ್ರಯಿಸುವುದರಿಂದ, ಆ ಖಂಡ ಕೆಟ್ಟರೆ ಅವೆಲ್ಲವೂ ಕೆಡುತ್ತವೆ. ಆಪತ್ತಿಗಾಗುವ ಪ್ರತಿ ಬೇರೊಂದು ಯಂತ್ರದಲ್ಲೇ ಇರಬೇಕು.