ಹೊಟ್ಟೆಯೊಳಗೆ ಕರುಳು ಹೇಗೆ ಆಗುತ್ತದೆ?



ಹೋದ ತಿಂಗಳು ನಮ್ಮ ಮನೆಯ ಸೀಮೆಹಸು ಒಂದು ಗಂಡುಕರು ಹಾಕಿತು. ಕರು ಚೆನ್ನಾಗಿಯೇ ಇತ್ತು, ಗಿಣ್ಣುಹಾಲೂ ಕುಡಿಯಿತು. ಆದರೆ ಮಾರನೇ ದಿನ ಸಾಯಂಕಾಲ ಆದರೂ ಸಗಣಿ ಹಾಕಲಿಲ್ಲ. ಹೊಟ್ಟೆ ಉಬ್ಬಿತು. ಹಾಲು ಕುಡಿಯುವುದನ್ನೂ ಬಿಟ್ಟಿತು. ಅಪ್ಪ ಬಾಲ ಎತ್ತಿ ನೋಡಿದರೆ ಸಗಣಿ ಹಾಕುವ ದಾರಿಯೇ ಇಲ್ಲ! ಅಲ್ಲಿ ಬರೀ ಚರ್ಮ ಇತ್ತು.

ನಮ್ಮಜ್ಜಿ, “ಗಬ್ಬದ ಹಸೂನ ಗ್ರಹಣದ ರಾತ್ರಿ ಆಚೆ ಕಟ್ಟಿದ್ರಲ್ಲ, ಅದಕ್ಕೇ ಹಿಂಗಾಗಿರೋದು” ಅಂದರು. ಆವತ್ತು ಹಸೂನ ತೆಂಗಿನ ಮರಕ್ಕೆ ಕಟ್ಟಿದವನು ನಾನೇ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಪಕ್ಕದ ಮನೆಯವರು, “ಗಂಡುಕರು ತಾನೆ, ಹೋದ್ರೆ ಹೋಗ್ಲಿ ಬಿಡಿ” ಅಂದರು. ಅಪ್ಪ ಬಿಡಲಿಲ್ಲ. ಬೆಳಿಗ್ಗೆ ಎದ್ದ ಕೂಡಲೆ ದನದ ಡಾಕ್ಟರನ್ನು ಕರೆತಂದರು. ಅವರು ನೋವಾಗದಂತೆ ಇಂಜೆಕ್ಷನ್ ಕೊಟ್ಟು, ಚರ್ಮ ಕೊಯ್ದು, ಒಳಗಿದ್ದ ಕರುಳಿನ ತುದಿಯನ್ನು ಬಿಡಿಸಿ ಚರ್ಮಕ್ಕೆ ಸೇರಿಸಿ ಹೊಲಿದರು. ಸಗಣಿ ಬಂತು!

ಇದು ಗ್ರಹಣದಿಂದ ಆದದ್ದಾ ಎಂದು ನಾನು ಡಾಕ್ಟರನ್ನು ಕೇಳಿದೆ. ಅವರು ಹೇಳಿದ್ದನ್ನೂ, ನಮ್ಮ ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಚಪ್ಪಟೆ ಬಿಲ್ಲೆಯಿಂದ ಕೊಳವೆ

ಮನುಷ್ಯರ ಲೆಕ್ಕ ಹೇಳುತ್ತೇನೆ. ಗರ್ಭ ಕಟ್ಟಿದ ಮೂರನೇ ವಾರದಲ್ಲಿ ಭ್ರೂಣ ಎಂದರೆ ಒಂದು ಸಣ್ಣ ಚಪ್ಪಟೆ ಬಿಲ್ಲೆ. ಅದರಲ್ಲಿ ಮೂರು ಪದರ ಇರುತ್ತವೆ. ಹೊರಪದರದಿಂದ ಚರ್ಮ, ಮಿದುಳು, ನರಗಳು ಆಗುತ್ತವೆ. ನಡುಪದರದಿಂದ ಮೂಳೆ, ಮಾಂಸಖಂಡ, ರಕ್ತ. ಒಳಪದರದಿಂದ ಕರುಳಿನ ಒಳಗೋಡೆ. ನಾಲ್ಕನೇ ವಾರದಲ್ಲಿ ಬಿಲ್ಲೆಯ ಅಂಚುಗಳು ಬಾಗಿ ಒಂದಕ್ಕೊಂದು ಕೂಡುತ್ತವೆ. ನಾವು ತೆಂಗಿನ ಗರಿ ಸುತ್ತಿ ಪೀಪಿ ಮಾಡ್ತೀವಲ್ಲ, ಹಾಗೆ ಚಪ್ಪಟೆ ಇದ್ದದ್ದು ಕೊಳವೆ ಆಗುತ್ತದೆ. ಪೀಪಿಯನ್ನು ಸುರುಳಿ ಸುತ್ತುತ್ತೇವೆ, ಭ್ರೂಣದಲ್ಲಿ ಅಂಚಿಗೆ ಅಂಚು ಕೂಡುತ್ತದೆ, ಅಷ್ಟೇ ವ್ಯತ್ಯಾಸ.

ಹಿಂದೆ ಎಷ್ಟೋ ಜನ ವಿದ್ವಾಂಸರು, ಮೊಟ್ಟೆಯಲ್ಲಿ ಎಲ್ಲ ಅಂಗಗಳೂ ಮೊದಲೇ ಚಿಕ್ಕದಾಗಿ ಇರುತ್ತವೆ, ಆಮೇಲೆ ಬರೀ ದೊಡ್ಡದಾಗುತ್ತವೆ ಎಂದು ನಂಬಿದ್ದರು. ಜರ್ಮನಿಯಲ್ಲಿ ಹುಟ್ಟಿದ ಕ್ಯಾಸ್ಪರ್ ಫ್ರೆಡ್ರಿಕ್ ವೋಲ್ಫ್ ಎಂಬ ವಿಜ್ಞಾನಿ ಕಾವಿಗೆ ಇಟ್ಟ ಕೋಳಿಮೊಟ್ಟೆಗಳನ್ನು ಒಡೆದು ನೋಡಿ, ಕರುಳು ಮೊದಲು ಹಾಳೆಯ ಹಾಗಿದ್ದು ಆಮೇಲೆ ಮಡಚಿಕೊಂಡು ಕೊಳವೆ ಆಗುತ್ತದೆ ಎಂದು ೧೭೬೮ರ ಸುಮಾರಿಗೆ ಬರೆದರು.

ಈ ಕೊಳವೆಯಲ್ಲಿ ಮೂರು ಭಾಗ. ಮುಂದಿನ ಭಾಗದಿಂದ ಅನ್ನನಾಳ, ಜಠರ ಆಗುತ್ತವೆ. ಯಕೃತ್ತು ಮತ್ತು ಶ್ವಾಸಕೋಶ ಕೂಡ ಇಲ್ಲಿಂದಲೇ ಮೊಗ್ಗಿನ ಹಾಗೆ ಹೊರಡುತ್ತವೆ. ನಡುವಿನ ಭಾಗದಿಂದ ಸಣ್ಣಕರುಳಿನ ಬಹುಪಾಲು ಮತ್ತು ದೊಡ್ಡಕರುಳಿನ ಮೊದಲ ಭಾಗ. ಹಿಂದಿನ ಭಾಗದಿಂದ ಉಳಿದ ದೊಡ್ಡಕರುಳು.

ಕರುಳು ಹೊರಗೆ ಹೋಗಿ ಬರುತ್ತದೆ!

ಇದು ನನಗೆ ತುಂಬಾ ಆಶ್ಚರ್ಯ ಆದ ವಿಷಯ. ಆರನೇ ವಾರದಲ್ಲಿ ಕರುಳು ಎಷ್ಟು ಬೇಗ ಬೆಳೆಯುತ್ತದೆ ಎಂದರೆ ಹೊಟ್ಟೆಯಲ್ಲಿ ಜಾಗ ಸಾಲುವುದಿಲ್ಲ. ಆಗ ಅದು ಹೊಕ್ಕುಳ ಬಳ್ಳಿಯೊಳಗೆ ಹೋಗಿ ಅಲ್ಲಿ ಬೆಳೆಯುತ್ತದೆ. ಹತ್ತನೇ ವಾರದಲ್ಲಿ ವಾಪಸ್ ಹೊಟ್ಟೆಗೆ ಬರುತ್ತದೆ. ಹೋಗಿ ಬರುವಷ್ಟರಲ್ಲಿ ಒಟ್ಟು ಮುಕ್ಕಾಲು ಸುತ್ತು ತಿರುಗಿರುತ್ತದೆ. ಅದಕ್ಕೇ ದೊಡ್ಡವರಲ್ಲಿ ಸುಮಾರು ೨೦ ಅಡಿ ಉದ್ದದ ಸಣ್ಣಕರುಳು ಗಂಟು ಬೀಳದೆ ಒಳಗೆ ಮಡಚಿಕೊಂಡು ಕೂತಿರುತ್ತದೆ.

ಎರಡು ಮುಚ್ಚಳಗಳು

ಕೊಳವೆಯ ಎರಡು ತುದಿಯಲ್ಲೂ ಮೊದಲು ತೆಳ್ಳಗಿನ ಪೊರೆ ಇರುತ್ತದೆ. ಬಾಯಿ ಕಡೆಯ ಪೊರೆ ನಾಲ್ಕನೇ ವಾರದಲ್ಲಿ ಹರಿಯುತ್ತದೆ. ಹಿಂದಿನ ಪೊರೆ ಏಳು ಎಂಟನೇ ವಾರದ ಹೊತ್ತಿಗೆ ಹರಿಯುತ್ತದೆ. ಅಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ದಾರಿ ಮುಚ್ಚಿಕೊಂಡೇ ಮಗು ಹುಟ್ಟುತ್ತದೆ. ಕೆಲವರಲ್ಲಿ ಚರ್ಮ ಮಾತ್ರ ಅಡ್ಡ ಇರುತ್ತದೆ. ಕೆಲವರಲ್ಲಿ ಕರುಳೇ ಮೇಲೆ ನಿಂತಿರುತ್ತದೆ, ಆಗ ಆಪರೇಷನ್ ಕಷ್ಟ. ಮನುಷ್ಯರಲ್ಲಿ ಸುಮಾರು ೫,೦೦೦ ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಆಪರೇಷನ್ ಮಾಡುತ್ತಾರೆ.

ಹಾಗಾದರೆ ಯಾರ ತಪ್ಪು?

ಗ್ರಹಣ ಆದಾಗ ನಮ್ಮ ಹಸುವಿಗೆ ಏಳು ತಿಂಗಳು ತುಂಬಿತ್ತು. ಕರುವಿನ ಆ ಜಾಗ ತಯಾರಾಗುವುದು ಗಬ್ಬದ ಮೊದಲ ತಿಂಗಳುಗಳಲ್ಲೇ. ಅಂದರೆ ಗ್ರಹಣಕ್ಕೆ ಎಷ್ಟೋ ಮುಂಚೆಯೇ ಅದು ಹಾಗೆ ಆಗಿಹೋಗಿತ್ತು. ಗ್ರಹಣ ಎಂದರೆ ಬರೀ ನೆರಳು ಎಂದು ನಾವು ಪಾಠದಲ್ಲೂ ಓದಿದ್ದೇವೆ. ನೆರಳಿಗೆ ಕರುಳು ಮುಚ್ಚಲು ಆಗುತ್ತದೆಯೇ? ಮಗುವಿಗೆ ಹೀಗಾದರೆ ತಾಯಿಯನ್ನು ಬೈಯುವುದೂ ತಪ್ಪು. ಆದರೆ ದನಗಳಲ್ಲಿ ಇದು ಕೆಲವು ಸಲ ವಂಶದಲ್ಲಿ ಬರುತ್ತದಂತೆ. ಅದಕ್ಕೇ ಈ ಕರುವನ್ನು ಮುಂದೆ ಬೀಜಕ್ಕೆ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ.

ಸ್ನೇಹಿತರೇ, ನಿಮ್ಮ ಮನೆಯಲ್ಲಿ ಹಸು, ಎಮ್ಮೆ, ಮೇಕೆ ಈಯ್ದರೆ ಮೊದಲ ದಿನವೇ ಬಾಲ ಎತ್ತಿ ನೋಡಿ. ಹುಟ್ಟಿದ ಪಾಪು ೨೪ ಗಂಟೆಯಲ್ಲಿ ಕಪ್ಪಗಿನ ಮೊದಲ ಮಲ ಮಾಡದಿದ್ದರೆ ಕೂಡಲೆ ಡಾಕ್ಟರಿಗೆ ತೋರಿಸಲು ಹೇಳಿ. ತಡ ಮಾಡಿದರೆ ಜೀವಕ್ಕೆ ಅಪಾಯ.

ಅಜ್ಜಿ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಕರು ಈಗ ತೋಟದ ತುಂಬಾ ಓಡಾಡುತ್ತದೆ. ಅದರ ಸಗಣಿ ಬಾಚುವ ಕೆಲಸ ನನ್ನದೇ. ನನಗೇನೂ ಬೇಜಾರಿಲ್ಲ.

– ೭ನೇ ತರಗತಿ ವಿದ್ಯಾರ್ಥಿ, ಹೊನ್ನವಳ್ಳಿ